ನಲವತ್ತೊಂದನೇ ಬಾವಿ

ರೀಗಾದ ಹೊರವಲಯ. ಫೆಬ್ರವರಿ. ಬೆಳಗಿನ ಏಳು.
ಊರೆಲ್ಲ ಹೆಪ್ಪುಗಟ್ಟಿ ಬಿದ್ದಿರುವಾಗ
ಈ ಗುಡ್ಡದ ಮೇಲೆ ಮಾತ್ರ ಹಿಮ ನಿಲ್ಲುವುದಿಲ್ಲ.
ಒಳಗೆ ಕಾವಿದೆ.
ಕಡಲಹಕ್ಕಿಗಳಿಗೆ ಗೊತ್ತು,
ಕಾಲು ಬೆಚ್ಚಗಿಟ್ಟುಕೊಂಡು ಸಾಲಾಗಿ ಕೂತಿವೆ
ಪಿಂಚಣಿಗೆ ಬಂದವರ ಹಾಗೆ.

ನಾನು ವಿಜ್ಮಾ. ಕಸದ ನಾಡಿ ನೋಡುವವಳು.
ಬೆನ್ನಿಗೆ ಮೀಟರು, ಜೇಬಿನಲ್ಲಿ ಸ್ಪ್ಯಾನರು,
ಕಾಯುವುದಕ್ಕೆ ನೂರಾಹನ್ನೆರಡು ಬಾವಿ.
ಹಗ್ಗವಿಲ್ಲ, ಕೊಡವಿಲ್ಲ,
ಮಣ್ಣಿನಿಂದ ಮೊಣಕಾಲೆತ್ತರ ಎದ್ದ ಹಳದಿ ಕೊಳವೆ,
ಅದರ ಕತ್ತಿಗೊಂದು ಕವಾಟ.
ಮೀಥೇನಿಗೆ ವಾಸನೆಯಿಲ್ಲ.
ನಾರುವವರು ಅದರ ಜೊತೆಗಾರರು.

ಆ ತುದಿಯಲ್ಲಿ ಯಂತ್ರ ಹಗಲಿರುಳು ಹೀರುತ್ತದೆ,
ಎಷ್ಟು ಎಂದು ಈ ತುದಿಯಲ್ಲಿ ನಾನು ಹೇಳುತ್ತೇನೆ.
ಕಮ್ಮಿಯಾದರೆ
ಗುಡ್ಡ ಮೈಯೆಲ್ಲ ಬಿರಿದು ಆಕಾಶಕ್ಕೆ ಉಸಿರು ಬಿಡುತ್ತದೆ.
ಹೆಚ್ಚಾದರೆ
ಮೇಲಿನ ಗಾಳಿ ಬಿರುಕಿನಲ್ಲಿ ನುಸುಳಿ ಇಳಿದು
ಒಳಗಿನ ಕತ್ತಲೆಗೆ ಬೆಂಕಿಯ ಸುದ್ದಿ ಮುಟ್ಟಿಸುತ್ತದೆ.
ಆಮೇಲೆ ತಿಂಗಳುಗಟ್ಟಲೆ, ನೀರಿಗೂ ಬಗ್ಗದ ಉರಿ.
ಹೊಟ್ಟೆಕಿಚ್ಚು ಮನುಷ್ಯರಿಗೆ ಬರೀ ಮಾತು,
ಗುಡ್ಡಕ್ಕೆ ಕಾಯಿಲೆ.

ಇವತ್ತು ನಲವತ್ತೊಂದರಲ್ಲಿ ಆಮ್ಲಜನಕ ಶೇಕಡಾ ಎರಡೂವರೆ.
ಮೊನ್ನೆ ಅರ್ಧವೂ ಇರಲಿಲ್ಲ.
ಕೊಳವೆ ಹಿಡಿದೆ, ಕೈಗವಸು ದಾಟಿ ಬಂತು ಬಿಸಿ.
ಮಕ್ಕಳ ಹಣೆ ಮುಟ್ಟಿದ ಕೈಗೆ ಮಾಪಕ ಬೇಕಿಲ್ಲ,
ಆದರೂ ಬರೆದುಕೊಂಡೆ: ಅರವತ್ತೊಂದು ಡಿಗ್ರಿ.

ಇಲ್ಲಿ ಕೆಳಗೆ ಏನಿದೆಯೆಂದು ನನಗೆ ಗೊತ್ತು.
ತೊಂಬತ್ತೆರಡರ ಚಳಿಗಾಲ
ಅಪ್ಪ, ಲಾರಿ ಡ್ರೈವರ್ ಆರ್ವಿಡ್ಸ್, ತಂದು ಸುರಿದದ್ದು.
ರಾಜ್ಯ ಬದಲಾಗಿತ್ತು.
ಶಾಲೆಗಳು ಕಪಾಟು ಖಾಲಿ ಮಾಡುತ್ತಿದ್ದವು:
ಹಳೆಯ ಇತಿಹಾಸ, ಹಳೆಯ ಭೂಪಟ,
ಹಾಡಲೇಬೇಕಿದ್ದ ಹಾಡುಗಳ ಪುಸ್ತಕ,
ನನ್ನ ನಾಲ್ಕನೇ ತರಗತಿಯ ಪಾಠಪುಸ್ತಕವೂ.
ಅದರಲ್ಲಿ ಟ್ರ್ಯಾಕ್ಟರಿಗೆ ಮೀಸೆ ಬರೆದು
ಪೆಟ್ಟು ತಿಂದಿದ್ದೆ.
ಒಂದಾದರೂ ಎತ್ತಿಟ್ಟು ತರಬಾರದಿತ್ತೇ ಅಂದರೆ
"ಓದಿದ್ದೀಯಲ್ಲ" ಅಂದ, ಬೂಟು ಬಿಚ್ಚುತ್ತ.
ಅದರ ಮೇಲೆ ಬಿತ್ತು ಎಲೆಕೋಸು, ಬೀಟ್‌ರೂಟ್ ಸಿಪ್ಪೆ,
ಮುಚ್ಚಿದ ಕಾರ್ಖಾನೆಯ ಕ್ಯಾಂಟೀನಿನ ಮರದ ಬೆಂಚುಗಳು.
ಕಾಗದ ನಿಧಾನಕ್ಕೆ ಕೊಳೆಯುತ್ತದೆ.
ಸುಳ್ಳು ಬರೆದದ್ದು, ನಿಜ ಬರೆದದ್ದು,
ಗ್ಯಾಸು ಎರಡೂ ಒಂದೇ ಅಳತೆಗೆ ಕೊಡುತ್ತವೆ.
ನನ್ನ ಮೀಟರು ಭೇದ ಮಾಡಿಲ್ಲ.

ಫೋನು. ಎಂಜಿನ್ ಕೋಣೆಯಿಂದ ಉಲ್ಡಿಸ್:
"ಗ್ಯಾಸು ಸಾಲುತ್ತಿಲ್ಲ, ಇನ್ನೊಂಚೂರು ಎಳೆಯೋಣ,
ರಾತ್ರಿ ಮೈನಸ್ ಹದಿನೆಂಟಂತೆ, ಗಿಡ ಹೂ ಬಿಟ್ಟಿವೆ."

ಗುಡ್ಡದ ಬುಡಕ್ಕೆ ಗಾಜಿನ ಮನೆ.
ಎಂಜಿನ್ನಿನ ಬಿಸಿಯಲ್ಲಿ ಅಲ್ಲಿ ಟೊಮೇಟೊ, ಸೌತೆ.
ಮನೆಗೆ ಒಯ್ದರೆ ಅಮ್ಮ ಮುಟ್ಟುವುದಿಲ್ಲ, ತಿಪ್ಪೆಯ ಹಣ್ಣಂತೆ.
ಆಮೇಲೆ ಮಾರುಕಟ್ಟೆಗೆ ಹೋಗಿ ತಾನೇ ಆರಿಸಿ ತಂದು
"ಇದು ನೋಡು, ಇದಕ್ಕನ್ನಬೇಕು ಟೊಮೇಟೊ!"
ಪೊಟ್ಟಣದ ಮೇಲೆ ನಮ್ಮದೇ ಗುರುತು.
ನಾನು ಉಪ್ಪು ಹಚ್ಚಿಕೊಂಡು ಸುಮ್ಮನೆ ತಿನ್ನುತ್ತೇನೆ.

"ಆಗಲ್ಲ ಉಲ್ಡಿಸ್," ಅಂದೆ.
ಅವನು ಏನೋ ಗೊಣಗಿದ. ಗಾಳಿ ಅದನ್ನು ಒಯ್ಯಿತು.

ಕವಾಟ ಕಾಲು ಸುತ್ತು ಮುಚ್ಚಿದೆ.
ನಿಂತು, ಮತ್ತೆ ಅದರರ್ಧ.
ಕೊಳವೆಯ ಬುಡದಲ್ಲಿ ಬೆರಳು ತೂರುವಷ್ಟು ಬಿರುಕು,
ಒದ್ದೆ ಜೇಡಿಮಣ್ಣು ಮೆತ್ತಿ ಬೂಟಿನಲ್ಲಿ ತುಳಿದೆ,
ಕೆಳಗೆ ಮಲಗಿದ ಯಾರನ್ನೋ ಎಬ್ಬಿಸದಂತೆ, ಮೆಲ್ಲಗೆ.
ದೂರದಲ್ಲಿ ಮಿಕ್ಕ ಗ್ಯಾಸು ಉರಿಯುವ ಚಿಮಣಿ.
ಹಗಲಲ್ಲಿ ಜ್ವಾಲೆ ಕಾಣುವುದಿಲ್ಲ,
ಅದರ ಹಿಂದಿನ ಪೈನ್ ಮರಗಳು ಮಾತ್ರ
ನೀರಿನಲ್ಲಿ ನಿಂತಂತೆ ನಡುಗುತ್ತವೆ.

ಸಂಜೆ ನಾಲ್ಕಕ್ಕೆ ಮತ್ತೆ ಬಂದೆ. ಐವತ್ತೊಂಬತ್ತು.
ಇಳಿದದ್ದೋ, ಮೀಟರಿನ ಬ್ಯಾಟರಿಗೆ ಚಳಿ ಹಿಡಿದದ್ದೋ.
ನಾಳೆ ಸಮುದ್ರದ ಕಡೆಯಿಂದ ಬಿರುಗಾಳಿಯಂತೆ,
ವಾಯುಭಾರ ಕುಸಿದರೆ ನೂರಾಹನ್ನೆರಡೂ ಒಟ್ಟಿಗೆ ಏದುತ್ತವೆ.
ಪೆನ್ನಿನ ಶಾಯಿ ಗಟ್ಟಿಯಾಗಿತ್ತು.
ಬಾಯಲ್ಲಿಟ್ಟು ಬಿಸಿಮಾಡಿ ಬರೆದೆ:
ನಲವತ್ತೊಂದು. ಮೊದಲು ಇದನ್ನೇ ನೋಡುವುದು.